ಪೆಟ್ರೋಲ್ ಎಂಜಿನ್ನಿನ ಅಮೋನಿಯಾ ತಡೆಯುವ ವೇಗವರ್ಧಕ: 750 ಡಿಗ್ರಿ ತಾಳಿದ ಮಾದರಿ ಬೆಂಚಿನ ಮೇಲೆ ಸೋತದ್ದೇಕೆ?

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿನಿ)

ಎಲ್ಲರಿಗೂ ನಮಸ್ಕಾರ. ಪೆಟ್ರೋಲ್ ಎಂಜಿನ್ನಿನ ತ್ರಿಮುಖ ವೇಗವರ್ಧಕದ (ಹೊಗೆಯಲ್ಲಿನ ಮೂರು ಬಗೆಯ ಮಾಲಿನ್ಯಕಾರಕಗಳನ್ನು ಒಟ್ಟಿಗೆ ಇಳಿಸುವ ಭಾಗದ) ಹಿಂದೆ ಕೂರಿಸಿ, ಅಲ್ಲಿಂದ ಹೊರಬರುವ ಅಮೋನಿಯಾವನ್ನು ಸಾರಜನಕವಾಗಿ ಬದಲಿಸುವ ಮತ್ತೊಂದು ವೇಗವರ್ಧಕದ ಮೇಲೆ ನಾನು ಕೆಲಸ ಮಾಡುತ್ತಿದ್ದೇನೆ. ಡೀಸೆಲ್ ವಾಹನಗಳಲ್ಲಿ ಬಳಕೆಯಲ್ಲಿರುವ ಎರಡು ಪದರಗಳ ವಿನ್ಯಾಸವನ್ನೇ ಆರಿಸಿಕೊಂಡೆ. ಕೆಳಪದರದಲ್ಲಿ ಅಲ್ಯೂಮಿನಾದ ಮೇಲೆ ಹರಡಿದ ಪ್ಲಾಟಿನಂ ಇದೆ, ಮೇಲ್ಪದರದಲ್ಲಿ ತಾಮ್ರ ಸೇರಿಸಿದ ಎಸ್‌ಎಸ್‌ಜೆಡ್-13 ಜಿಯೋಲೈಟ್ (ಸೂಕ್ಷ್ಮ ರಂಧ್ರಗಳಿರುವ, ಸಿಲಿಕಾನ್-ಅಲ್ಯೂಮಿನಿಯಂ ಚೌಕಟ್ಟಿನ ವಸ್ತು) ಇದೆ.

ಗಾಳಿಗೆ ಶೇಕಡಾ 10ರಷ್ಟು ನೀರಾವಿ ಬೆರೆಸಿ, 750 ಡಿಗ್ರಿ ಸೆಲ್ಸಿಯಸ್‌ನಲ್ಲಿ 16 ಗಂಟೆ ಕುಲುಮೆಯಲ್ಲಿಟ್ಟು ಹಳತಾಗಿಸಿದ ಮಾದರಿ ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ಅದೇ ತಯಾರಿಕೆಯ ಇನ್ನೊಂದು ತುಂಡನ್ನು ಎಂಜಿನ್ ಬೆಂಚಿನಲ್ಲಿ (ನಿಜವಾದ ಎಂಜಿನ್ ಓಡಿಸಿ ಪರೀಕ್ಷಿಸುವ ವ್ಯವಸ್ಥೆಯಲ್ಲಿ), ಅದಕ್ಕಿಂತ ಕಡಿಮೆ ಉಷ್ಣತೆಯಲ್ಲಿ ಓಡಿಸಿದಾಗ, ಅದು ಅರ್ಧಕ್ಕೂ ಹೆಚ್ಚು ಸಾಮರ್ಥ್ಯವನ್ನು ಕಳೆದುಕೊಂಡಿತು. ಹೊರತೆಗೆದು ನೋಡಿದರೆ ತಿಳಿನೀಲಿಯಾಗಿದ್ದ ಲೇಪ ಬೂದು ಬಣ್ಣಕ್ಕೆ ತಿರುಗಿತ್ತು. ಹೆಚ್ಚಿನ ಬಿಸಿಯನ್ನು ತಾಳಿಕೊಂಡ ವಸ್ತು ಕಡಿಮೆ ಬಿಸಿಯಲ್ಲಿ ಹಾಳಾಗಲು ಕಾರಣವೇನು? ಜಿಯೋಲೈಟನ್ನೇ ಬದಲಿಸಬೇಕೇ?

ಉತ್ತರ 1 (ಜಿಯೋಲೈಟ್ ರಸಾಯನಶಾಸ್ತ್ರದಲ್ಲಿ ಕೆಲಸ ಮಾಡುವವರು)

ತಮ್ಮ ಕುಲುಮೆಯಲ್ಲಿ ಇಲ್ಲದಿದ್ದುದೂ ಬೆಂಚಿನಲ್ಲಿ ಇದ್ದುದೂ ಒಂದೇ, ರಿಚ್ ಮಿಶ್ರಣದ, ಅಂದರೆ ಗಾಳಿಗೆ ಹೋಲಿಸಿದರೆ ಇಂಧನ ಹೆಚ್ಚಾದ ಮಿಶ್ರಣದ, ಅನಿಲ. ಡೀಸೆಲ್ ಎಕ್ಸಾಸ್ಟಿನಲ್ಲಿ ಆಮ್ಲಜನಕ ಸದಾ ಇರುವುದರಿಂದ ತಾಮ್ರದ ಅಯಾನುಗಳು ಜಿಯೋಲೈಟಿನ ರಂಧ್ರಗಳೊಳಗೆ ತಮ್ಮ ಸ್ಥಾನದಲ್ಲೇ ಉಳಿಯುತ್ತವೆ. ಪೆಟ್ರೋಲ್ ಎಂಜಿನ್ನಿನಲ್ಲಾದರೋ ಇಂಧನ ಹೆಚ್ಚಾದ ಪ್ರತಿ ಗಳಿಗೆಯಲ್ಲೂ ಜಲಜನಕ ಮತ್ತು ಕಾರ್ಬನ್ ಮಾನಾಕ್ಸೈಡ್ ಹರಿದುಬರುತ್ತವೆ. ಆ ಬಿಸಿಯಲ್ಲಿ ಅವು ತಾಮ್ರದ ಅಯಾನನ್ನು ಲೋಹದ ತಾಮ್ರಕ್ಕೆ ಇಳಿಸುತ್ತವೆ, ಲೋಹದ ಪರಮಾಣುಗಳು ಸ್ಥಾನ ಬಿಟ್ಟು ಹರಿದಾಡಿ ಒಂದೆಡೆ ಗುಂಪುಗೂಡುತ್ತವೆ, ಮತ್ತೆ ಆಮ್ಲಜನಕ ಬಂದಾಗ ಆ ಗುಂಪು ತಾಮ್ರದ ಆಕ್ಸೈಡ್ ಕಣವಾಗುತ್ತದೆ. ತಾವು ಕಂಡ ಬೂದು ಬಣ್ಣ ಬಹುಮಟ್ಟಿಗೆ ಇದೇ ಇರಬೇಕು. ಇದರಿಂದ ನಷ್ಟ ಎರಡು ಬಗೆಯದು: ಆಯ್ದು ಕೆಲಸ ಮಾಡುವ ತಾಮ್ರದ ಅಯಾನು ಕಡಿಮೆಯಾಗುತ್ತದೆ, ಮತ್ತು ಹೊಸದಾಗಿ ಹುಟ್ಟಿದ ಆಕ್ಸೈಡ್ ಕಣಗಳು ಅಮೋನಿಯಾವನ್ನು ಸಾರಜನಕ ಮಾಡುವ ಬದಲು ನೈಟ್ರಿಕ್ ಆಕ್ಸೈಡ್ ಮಾಡಿ ಕೆಲಸವನ್ನೇ ಕೆಡಿಸುತ್ತವೆ. ಅಯಾನು ತೆರವು ಮಾಡಿದ ಜಾಗಕ್ಕೆ ಪ್ರೋಟಾನ್ ಬರುವುದರಿಂದ ಆ ಜಾಗದ ಅಲ್ಯೂಮಿನಿಯಂ ನೀರಾವಿಗೆ ಸುಲಭವಾಗಿ ಕಿತ್ತುಬರುತ್ತದೆ.

ಆದ್ದರಿಂದ ಬರೀ ಗಾಳಿ ಮತ್ತು ಆವಿಯಲ್ಲಿ ಹಳತಾಗಿಸಿದ ಫಲಿತಾಂಶವನ್ನು ಈ ಬಳಕೆಗೆ ಬಾಳಿಕೆಯ ಪುರಾವೆಯೆಂದು ಯಾರೂ ಒಪ್ಪಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ರಿಚ್ ಮತ್ತು ಲೀನ್ (ಆಮ್ಲಜನಕ ಹೆಚ್ಚಿರುವ) ಅನಿಲಗಳನ್ನು ನೀರಾವಿಯೊಡನೆ ಒಂದರ ಹಿಂದೊಂದರಂತೆ ಹಾಯಿಸಿ ಹಳತಾಗಿಸಿರಿ. ಜಿಯೋಲೈಟಿನ ವಿಷಯದಲ್ಲಿ, ಸಿಲಿಕಾನ್ ಪ್ರಮಾಣ ಹೆಚ್ಚಿಸಿದರೆ ಚೌಕಟ್ಟು ಗಟ್ಟಿಯಾಗುತ್ತದೆಯಾದರೂ ಅಯಾನು ಮತ್ತು ಅಮೋನಿಯಾ ಕೂರುವ ಜಾಗಗಳು ಅಷ್ಟಕ್ಕಷ್ಟೇ ಕಡಿಮೆಯಾಗುತ್ತವೆ. ನನ್ನನ್ನು ಕೇಳಿದರೆ ಮೊದಲು ಲೋಹವನ್ನು ಬದಲಿಸಿ ನೋಡಬೇಕು. ನೀರಾವಿ ಧಾರಾಳವಾಗಿರುವ ಎಕ್ಸಾಸ್ಟಿನಲ್ಲಿ ಕಬ್ಬಿಣವು ತಾಮ್ರದಷ್ಟು ಸುಲಭವಾಗಿ ಲೋಹವಾಗಿ ಇಳಿಯುವುದಿಲ್ಲ. ಕಡಿಮೆ ಉಷ್ಣತೆಯಲ್ಲಿ ಅದು ತಾಮ್ರಕ್ಕಿಂತ ಮಂದ ಎಂಬ ಕೊರತೆಯನ್ನು ಮಾತ್ರ ಒಪ್ಪಿಕೊಳ್ಳಬೇಕಾಗುತ್ತದೆ.

ಒಂದು ವಿಷಯ ತಿಳಿಸಿ: ಬೂದು ಬಣ್ಣ ತುಂಡಿನ ಉದ್ದಕ್ಕೂ ಒಂದೇ ಸಮನಾಗಿತ್ತೇ?

ಉತ್ತರ 2 (ಎಂಜಿನ್ ಕ್ಯಾಲಿಬ್ರೇಷನ್ ಎಂಜಿನಿಯರ್)

ಮೇಲಿನವರ ಮಾತನ್ನು ಒಪ್ಪುತ್ತಲೇ, ಅಮೋನಿಯಾ ಯಾವಾಗ ಬರುತ್ತದೆ ಎಂಬುದರ ಕಡೆಗೆ ಗಮನ ಸೆಳೆಯುತ್ತೇನೆ. ಅದು ಸಿಲಿಂಡರಿನಲ್ಲಿ ಹುಟ್ಟುವುದಲ್ಲ. ತ್ರಿಮುಖ ವೇಗವರ್ಧಕದಲ್ಲೇ, ಕಾರ್ಬನ್ ಮಾನಾಕ್ಸೈಡ್ ನೀರಾವಿಯೊಡನೆ ವರ್ತಿಸಿ ಕೊಡುವ ಜಲಜನಕವು ನೈಟ್ರಿಕ್ ಆಕ್ಸೈಡನ್ನು ಅಗತ್ಯಕ್ಕಿಂತ ಮುಂದಕ್ಕೆ ಅಪಕರ್ಷಿಸಿದಾಗ (ಆಮ್ಲಜನಕ ಕಿತ್ತು ಜಲಜನಕ ಸೇರಿಸಿದಾಗ) ಹುಟ್ಟುತ್ತದೆ. ಚಾಲಕರು ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಇಂಧನ ನಿಂತು, ಬರೀ ಗಾಳಿ ಹರಿದು, ತ್ರಿಮುಖ ವೇಗವರ್ಧಕದಲ್ಲಿರುವ ಸೀರಿಯಾ (ಆಮ್ಲಜನಕವನ್ನು ಹಿಡಿದಿಟ್ಟು ಬಿಡುವ ಸೀರಿಯಂ ಆಕ್ಸೈಡ್) ಆಮ್ಲಜನಕದಿಂದ ತುಂಬಿಹೋಗುತ್ತದೆ. ಇಂಧನ ಮರಳಿದ ಕೂಡಲೇ ಆ ಸೀರಿಯಾವನ್ನು ಖಾಲಿ ಮಾಡಲು ನಾವು ಬೇಕೆಂದೇ ಕೆಲಕಾಲ ಮಿಶ್ರಣವನ್ನು ರಿಚ್ ಮಾಡುತ್ತೇವೆ. ಅದು ಸ್ವಲ್ಪ ಅತಿಯಾಯಿತೆಂದರೆ ಮಾಪನದ ಪರದೆಯ ಮೇಲೆ ಅಮೋನಿಯಾದ ಗೆರೆ ಮುಳ್ಳಿನಂತೆ ನೆಟ್ಟಗೆ ಏಳುತ್ತದೆ. ತಣ್ಣನೆಯ ಎಂಜಿನ್ ಶುರುವಾದ ಮೇಲೂ, ಜೋರಾಗಿ ವೇಗ ಹೆಚ್ಚಿಸುವಾಗಲೂ ಹೀಗೆಯೇ ಆಗುತ್ತದೆ.

ಹಾಗಾಗಿ ತಮ್ಮ ವೇಗವರ್ಧಕಕ್ಕೆ ಅಮೋನಿಯಾ ಸಿಗುವುದು ಆಮ್ಲಜನಕ ಇಲ್ಲದ ಹೊತ್ತಿನಲ್ಲಿ. ಡೀಸೆಲ್ ವಿನ್ಯಾಸವನ್ನು ಹಾಗೆಯೇ ತಂದು ಕೂರಿಸುವುದರ ಮೂಲ ತೊಡಕು ಇದು. ಜಿಯೋಲೈಟ್ ಅಮೋನಿಯಾವನ್ನು ಹಿಡಿದಿಟ್ಟು, ಮುಂದಿನ ಲೀನ್ ಗಳಿಗೆಯವರೆಗೆ ಕಾಯಬೇಕು. ಆದರೆ ಸುಮಾರು 400 ಡಿಗ್ರಿ ದಾಟಿದರೆ ಹಿಡಿತ ಬೇಗ ಸಡಿಲವಾಗುತ್ತದೆ. ಎಂಜಿನ್ನಿಗೆ ಹತ್ತಿರವಿಟ್ಟರೆ ಹಿಡಿತವೂ ಇಲ್ಲ, ಬಾಳಿಕೆಯೂ ಇಲ್ಲ. ವಾಹನದ ತಳಭಾಗದಲ್ಲಿ ಹಿಂದಕ್ಕೆ ಸರಿಸಿದರೆ ಎರಡೂ ಸಿಗುತ್ತವೆ. ಕೆಳಪದರದಲ್ಲಿ ಪ್ಲಾಟಿನಂ ಜೊತೆಗೆ ಸೀರಿಯಾ-ಜಿರ್ಕೋನಿಯಾ ಬೆರೆಸಿದರೆ, ಇಂಧನ ನಿಂತ ಹೊತ್ತಿನ ಆಮ್ಲಜನಕವನ್ನು ಅದು ಉಳಿಸಿಕೊಂಡು, ನಂತರ ಬರುವ ಅಮೋನಿಯಾಕ್ಕೆ ಒದಗಿಸಬಲ್ಲದು. ತ್ರಿಮುಖ ವೇಗವರ್ಧಕದ ಹಿಂದೆ ಹೊರಗಿನ ಗಾಳಿಯನ್ನು ಪಂಪಿನಿಂದ ಸೇರಿಸುವ ದಾರಿಯೂ ಇದೆ, ಆದರೆ ಅದು ಹೆಚ್ಚುವರಿ ಯಂತ್ರಭಾಗ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ತುಂಡನ್ನು ಉದ್ದಕ್ಕೆ ಸೀಳಿ ನೋಡಿದೆ. ಅನಿಲ ಒಳಬರುವ ತುದಿಯಿಂದ ಸುಮಾರು ಮೂರನೆಯ ಒಂದು ಭಾಗ ಗಾಢ ಬೂದು ಬಣ್ಣದ್ದು, ಹಿಂದಕ್ಕೆ ಹೋದಂತೆ ತಿಳಿಯಾಗಿ, ಕೊನೆಯ ಬೆರಳಗಲದಲ್ಲಿ ನೀಲಿ ಇನ್ನೂ ಉಳಿದಿದೆ. ಇದು ಎಂಜಿನ್ ಆಯಿಲಿನ ವಿಷವೂ ಇರಬಹುದೇ? ಪ್ಲಾಟಿನಂ ಬದಲು ಪಲ್ಲೇಡಿಯಂ ಬಳಸಿದರೆ ಪ್ರಯೋಜನವಿದೆಯೇ?

ಉತ್ತರ 3 (ಹೊರಸೂಸುವಿಕೆ ಮಾಪನ ಪ್ರಯೋಗಾಲಯದವರು)

ಆಯಿಲಿನಿಂದ ಬರುವ ರಂಜಕ ಮತ್ತು ಸತುವು ಸಾಮಾನ್ಯವಾಗಿ ಮುಂಭಾಗದಲ್ಲೇ ಕೂರುತ್ತವೆ ನಿಜ, ಆದರೆ ಅವುಗಳಲ್ಲಿ ಬಹುಪಾಲನ್ನು ಮುಂದಿರುವ ತ್ರಿಮುಖ ವೇಗವರ್ಧಕ ಹಿಡಿದುಬಿಡುತ್ತದೆ. ಬಣ್ಣವನ್ನು ನೋಡಿ ತೀರ್ಮಾನಿಸುವುದು ಬೇಡ. ಮುಂದಿನ ಮತ್ತು ಹಿಂದಿನ ಲೇಪವನ್ನು ಬೇರೆ ಬೇರೆ ಕೆರೆದು ರಂಜಕವನ್ನು ಅಳೆದರೆ ಉತ್ತರ ಸಿಗುತ್ತದೆ.

ಅದೇ ಪುಡಿಯಲ್ಲಿ, ಸಾಧ್ಯವಾದರೆ ಮೇಲ್ಪದರದಿಂದ ಮಾತ್ರ ತೆಗೆದುದರಲ್ಲಿ, ಪ್ಲಾಟಿನಂ ಅನ್ನೂ ಅಳೆಯಿರಿ. ಆಮ್ಲಜನಕವಿರುವ ಅತಿ ಬಿಸಿಯಲ್ಲಿ ಪ್ಲಾಟಿನಂ ಆಕ್ಸೈಡಾಗಿ ಆವಿಯಾಗಿ ಮೇಲಿನ ಜಿಯೋಲೈಟಿಗೆ ತಲಪಬಲ್ಲದು. ಅದು ಲವಲೇಶ ಸೇರಿದರೂ ಸಾಕು, ಮೇಲ್ಪದರ ತನ್ನ ಆಯ್ಕೆಯ ಗುಣವನ್ನು ಕಳೆದುಕೊಂಡು ಅಮೋನಿಯಾವನ್ನು ಸಾರಜನಕ ಮಾಡದೆ ಸಾರಜನಕದ ಆಕ್ಸೈಡುಗಳಾಗಿ ಸುಟ್ಟುಬಿಡುತ್ತದೆ. ಪಲ್ಲೇಡಿಯಂ ಹೀಗೆ ಆವಿಯಾಗುವುದಿಲ್ಲ, ಆದರೆ ಕಡಿಮೆ ಉಷ್ಣತೆಯಲ್ಲಿ ಅಮೋನಿಯಾವನ್ನು ಉತ್ಕರ್ಷಿಸುವುದರಲ್ಲಿ ಪ್ಲಾಟಿನಂಗೆ ಸಮವಲ್ಲ.

ಅಮೋನಿಯಾ ಎಷ್ಟು ಇಳಿಯಿತು ಎಂಬುದೊಂದನ್ನೇ ದಯವಿಟ್ಟು ವರದಿ ಮಾಡಬೇಡಿ. ಪ್ಲಾಟಿನಂ ಮೇಲೆ 200ರಿಂದ 300 ಡಿಗ್ರಿಯ ಆಸುಪಾಸಿನಲ್ಲಿ ನೈಟ್ರಸ್ ಆಕ್ಸೈಡ್ ಹುಟ್ಟುತ್ತದೆ, ಮತ್ತು ಅದರ ಒಂದು ಕಿಲೋಗ್ರಾಂ 100 ವರ್ಷಗಳ ಲೆಕ್ಕದಲ್ಲಿ ಸುಮಾರು 273 ಕಿಲೋಗ್ರಾಂ ಇಂಗಾಲದ ಡೈ ಆಕ್ಸೈಡಿನಷ್ಟು ಭೂಮಿಯನ್ನು ಬಿಸಿಮಾಡುತ್ತದೆ. ಅಳೆಯುವ ಕೊಳವೆಯನ್ನು ಉದ್ದಕ್ಕೂ ಸುಮಾರು 190 ಡಿಗ್ರಿಯಲ್ಲಿ ಬಿಸಿಯಾಗಿಡಿ. ಎಲ್ಲಾದರೂ ಒಂದು ಜೋಡಣೆ ತಣ್ಣಗಿದ್ದರೆ ಅಮೋನಿಯಾ ಅಲ್ಲಿನ ತೇವದಲ್ಲಿ ಕರಗಿ, ನಿಧಾನವಾಗಿ ಹೊರಬಂದು, ವೇಗವರ್ಧಕವೇ ಅದನ್ನು ಹಿಡಿದಿಟ್ಟು ಬಿಡುತ್ತಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ತುಂಡಿಲ್ಲದ ಖಾಲಿ ಕವಚದೊಡನೆ ಒಮ್ಮೆ ಇದೇ ಪರೀಕ್ಷೆಯನ್ನು ಓಡಿಸಿ ಹೋಲಿಸಿದರೆ, ಕೊಳವೆಯ ಪಾಲು ಎಷ್ಟೆಂಬುದು ಅಂದೇ ತಿಳಿಯುತ್ತದೆ.