ಗಾಯಗೊಂಡ ಯೋಧರ ಸಂಸ್ಥೆಗೆ ಮುಖ್ಯಸ್ಥರು ಯಾರಾಗಬೇಕು?

ವಸುಧಾ
ಎಲ್ಲರಿಗೂ ನಮಸ್ಕಾರ. ಗಾಯಗೊಂಡು ಸೇನೆ ಬಿಟ್ಟ ಯೋಧರಿಗೆ ನೆರವಾಗುವ ಒಂದು ಸಣ್ಣ ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ನಾನಿದ್ದೇನೆ. ಹದಿನೈದು ವರ್ಷ ಅದನ್ನು ನಡೆಸಿದ ಸ್ಥಾಪಕರು ಈಗ ಬಿಡುತ್ತಿದ್ದಾರೆ. ಅವರ ಜಾಗಕ್ಕೆ ಇಬ್ಬರು ಉಳಿದಿದ್ದಾರೆ. ಒಬ್ಬರು ನೆಲಬಾಂಬ್ ಸಿಡಿದು ಕಾಲು ಕಳೆದುಕೊಂಡ ಮಾಜಿ ಕ್ಯಾಪ್ಟನ್. ಇನ್ನೊಬ್ಬರು ಇಪ್ಪತ್ತು ವರ್ಷ ಆಸ್ಪತ್ರೆಯ ಆಡಳಿತ ನೋಡಿಕೊಂಡವರು, ಸೇನೆಯ ನಂಟಿಲ್ಲ. ಮಂಡಳಿ ಎರಡು ಪಾಲಾಗಿದೆ. ನೀವು ಯಾರನ್ನು ಆರಿಸುತ್ತಿದ್ದಿರಿ? ಯಾಕೆ?

ನಿವೃತ್ತ ಸುಬೇದಾರ್
ಇದರಲ್ಲಿ ಯೋಚನೆ ಮಾಡುವಂಥದ್ದೇನಿದೆ ಮೇಡಂ? ಕ್ಯಾಪ್ಟನ್ ಸಾಹೇಬರೇ ಸರಿ. ಗಾಯಗೊಂಡ ಜವಾನ ಕಚೇರಿಗೆ ಬಂದು ಕೂತರೆ ಅರ್ಧ ಗಂಟೆ ಸುಮ್ನೆ ಇರುತ್ತಾನೆ. ಬಾಯಿ ಬಿಡುವುದಿಲ್ಲ. ಎದುರಿಗೆ ಕೂತವರ ಪ್ಯಾಂಟಿನ ಕೆಳಗೆ ಕೃತಕ ಕಾಲು ಕಂಡರೆ ಮಾತು ತಾನಾಗಿಯೇ ಹೊರಡುತ್ತದೆ. ನಾನು ಕಣ್ಣಾರೆ ಕಂಡಿದ್ದೇನೆ.

ಅಮೆರಿಕದಲ್ಲಿ ಡಿಸೇಬಲ್ಡ್ ಅಮೆರಿಕನ್ ವೆಟರನ್ಸ್ ಅನ್ನುವ ಸಂಸ್ಥೆ 1920ರಿಂದ ನಡೆಯುತ್ತಿದೆ. ಅದನ್ನು ಶುರು ಮಾಡಿದ ರಾಬರ್ಟ್ ಮಾರ್ಕ್ಸ್ ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಕ್ಯಾಪ್ಟನ್. ಬೆನ್ನುಹುರಿಗೆ ಪೆಟ್ಟಾದ ಸೈನಿಕರು 1946ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು, ಪ್ಯಾರಲೈಸ್ಡ್ ವೆಟರನ್ಸ್ ಆಫ್ ಅಮೆರಿಕ. ಎರಡೂ ಕಡೆ ಸದಸ್ಯರೇ ಓಟು ಹಾಕಿ ತಮ್ಮೊಳಗಿನವರನ್ನು ಆರಿಸುತ್ತಾರೆ. ನೋವು ಯಾರದ್ದೋ, ಗಾಡಿಯ ಹಗ್ಗವೂ ಅವರ ಕೈಯಲ್ಲೇ ಇರಬೇಕು.

ಪ್ರಕಾಶ್ (ಆಡಿಟರ್)
ಸುಬೇದಾರ್ ಸರ್, ನಿಮ್ಮ ಮಾತು ಮನಸ್ಸಿಗೆ ಒಪ್ಪುತ್ತದೆ. ಆದರೆ ಅದೇ ಅಮೆರಿಕದ ಇನ್ನೊಂದು ಸಂಸ್ಥೆಯ ಕಥೆ ಕೇಳಿ. ವೂಂಡೆಡ್ ವಾರಿಯರ್ ಪ್ರಾಜೆಕ್ಟ್. 2003ರಲ್ಲಿ ಶುರು ಮಾಡಿದವರು ಜಾನ್ ಮೆಲಿಯ, 1992ರಲ್ಲಿ ಸೊಮಾಲಿಯಾ ಬಳಿ ಹೆಲಿಕಾಪ್ಟರ್ ದುರಂತದಲ್ಲಿ ಗಾಯಗೊಂಡ ಮರೀನ್ ಪಡೆಯ ಸೈನಿಕ. ಆಸ್ಪತ್ರೆಯಲ್ಲಿ ಮಲಗಿದ್ದ ಸೈನಿಕರಿಗೆ ಬಟ್ಟೆ, ಸೋಪು, ಬ್ರಶ್ ತುಂಬಿದ ಬೆನ್ನುಚೀಲ ಕೊಡುವುದೇ ಮೊದಲ ಕೆಲಸ. ಹತ್ತು ಹನ್ನೆರಡು ವರ್ಷದಲ್ಲಿ ಅದು ವರ್ಷಕ್ಕೆ 30 ಕೋಟಿ ಡಾಲರಿಗೂ ಜಾಸ್ತಿ ದೇಣಿಗೆ ಪಡೆಯುವ ಸಂಸ್ಥೆಯಾಯ್ತು. ಅಷ್ಟರಲ್ಲಿ ಮೆಲಿಯ ಬಿಟ್ಟು ಹೋಗಿದ್ದರು, ವಕೀಲರಾದ ಸ್ಟೀವನ್ ನಾರ್ಡಿಝಿ ಮುಖ್ಯಸ್ಥರಾಗಿದ್ದರು.

2016ರ ಜನವರಿಯಲ್ಲಿ ಸಿಬಿಎಸ್ ಟಿವಿ ಮತ್ತು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವರದಿ ಬಂತು. ಸಮ್ಮೇಳನ, ಹೋಟೆಲು, ಪ್ರಯಾಣಕ್ಕೆ ಕೈಬಿಚ್ಚಿ ಖರ್ಚಾಗುತ್ತಿದೆ ಎಂದು ಅಲ್ಲಿ ಕೆಲಸ ಬಿಟ್ಟವರೇ ಹೇಳಿದ್ದರು. ಮಾರ್ಚ್‌ನಲ್ಲಿ ಮಂಡಳಿ ನಾರ್ಡಿಝಿಯನ್ನೂ ಅವರ ನಂತರದ ಸ್ಥಾನದ ಅಧಿಕಾರಿಯನ್ನೂ ಕೆಲಸದಿಂದ ತೆಗೆಯಿತು.

ಈಗ ನನ್ನ ಮುಖ್ಯ ಮಾತು. ಆಗ ಮಂಡಳಿಯ ಅಧ್ಯಕ್ಷರಾಗಿದ್ದವರು ಆಂಟನಿ ಓಡಿಯರ್ನೊ. 2004ರಲ್ಲಿ ಬಾಗ್ದಾದ್‌ನಲ್ಲಿ ಎಡಗೈ ಕಳೆದುಕೊಂಡ ಅಧಿಕಾರಿ. ಅಂದರೆ ಗಾಯಗೊಂಡವರು ಮೇಲಿನ ಕುರ್ಚಿಯಲ್ಲಿ ಇದ್ದರು. ಹಾಗಿದ್ದೂ ಪ್ರಶ್ನೆ ಮೊದಲು ಹೊರಗಿನಿಂದ ಬಂತು. ಲೆಕ್ಕ ನೋಡುವ ಕಣ್ಣು ಬೇರೆಯೇ ಬೇಕು ಸರ್.

ನಿವೃತ್ತ ಸುಬೇದಾರ್
ತೆಗೆದುಹಾಕಿದ್ದೂ ಅದೇ ಮಂಡಳಿ ಅಲ್ವಾ? ಮುಖ್ಯಸ್ಥರಿಲ್ಲದ ಆ ಕೆಲವು ತಿಂಗಳು ಓಡಿಯರ್ನೊ ಅವರೇ ನಿಂತು ಸಂಸ್ಥೆ ನೋಡಿಕೊಂಡರು. ಅದನ್ನೂ ಹೇಳಿ.

ಪ್ರಕಾಶ್ (ಆಡಿಟರ್)
ಒಪ್ಪಿದೆ. ಹೇಳಬೇಕಿತ್ತು.

ಅರುಣ
ಪ್ರಕಾಶ್ ಅವರೇ, ಆ ಪ್ರಕರಣದ ಇನ್ನೊಂದು ಮುಖವೂ ಇದೆ. ಮಂಡಳಿ ಹೊರಗಿನ ವಕೀಲರಿಂದ, ಲೆಕ್ಕಿಗರಿಂದ ತನಿಖೆ ಮಾಡಿಸಿತು. ವರದಿಯಲ್ಲಿ ಬಂದ ಕೆಲವು ಅಂಕಿಗಳು ಸರಿಯಿಲ್ಲ ಎಂದಿತು. ಕೊಲೊರಾಡೊದ ಹೋಟೆಲಿನಲ್ಲಿ ನಡೆದ ಸಮ್ಮೇಳನಕ್ಕೆ 30 ಲಕ್ಷ ಡಾಲರ್ ಎಂದು ಸುದ್ದಿಯಾಗಿತ್ತು. ತನಿಖೆಯ ಲೆಕ್ಕದಲ್ಲಿ ಅದು 10 ಲಕ್ಷಕ್ಕಿಂತ ಕಡಿಮೆ. ಆದರೆ ಜನ ನೆನಪಿಟ್ಟುಕೊಂಡಿದ್ದು ಮೊದಲ ಸುದ್ದಿಯನ್ನೇ. ದೇಣಿಗೆ ಕುಸಿಯಿತು. ಆ ಬೇಸಿಗೆಯಲ್ಲಿ ಬಂದ ಹೊಸ ಮುಖ್ಯಸ್ಥರು ನಿವೃತ್ತ ಲೆಫ್ಟಿನೆಂಟ್ ಜನರಲ್ ಮೈಕೆಲ್ ಲಿನಿಂಗ್ಟನ್. ಅವರು ಸಿಬ್ಬಂದಿ ಕಡಿಮೆ ಮಾಡಿದರು, ಕೆಲವು ಕಚೇರಿ ಮುಚ್ಚಿದರು. ಮೇಲಿನವರ ತಪ್ಪಿಗೋ ಮೇಲಿನವರ ಮೇಲೆ ಬಂದ ಸುದ್ದಿಗೋ ಕೊನೆಗೆ ಬೆಲೆ ತೆತ್ತವರು ಕೆಳಗಿನವರು.

ಪ್ರಕಾಶ್ (ಆಡಿಟರ್)
ಅದಕ್ಕೇ ಲೆಕ್ಕ ಮೊದಲೇ ತೆರೆದಿಡಬೇಕು ಅನ್ನುವುದು. ಆ ಸಂಸ್ಥೆ 100 ಡಾಲರಿನಲ್ಲಿ 80 ಯೋಧರ ಕಾರ್ಯಕ್ರಮಕ್ಕೇ ಹೋಗುತ್ತದೆ ಎಂದು ಹೇಳುತ್ತಿತ್ತು. ಬೇರೆ ರೀತಿ ಎಣಿಸಿದವರಿಗೆ 60ರ ಆಸುಪಾಸು ಸಿಕ್ಕಿತು. ವ್ಯತ್ಯಾಸ ಎಲ್ಲಿಂದ? ದೇಣಿಗೆ ಕೇಳುವ ಪತ್ರದಲ್ಲಿ ಯೋಧರ ಕಷ್ಟದ ಬಗ್ಗೆ ಎರಡು ಪ್ಯಾರಾ ಇದ್ದರೆ, ಆ ಪತ್ರದ ಖರ್ಚಿನ ಒಂದು ಭಾಗವನ್ನು ಜನಜಾಗೃತಿ ಎಂದು ಬರೆಯಬಹುದು. ಟಿವಿಯವರು ಪುಕ್ಕಟೆ ಕೊಟ್ಟ ಜಾಹೀರಾತು ಸಮಯಕ್ಕೂ ಬೆಲೆ ಕಟ್ಟಿ ಕಾರ್ಯಕ್ರಮದ ಖರ್ಚಿಗೆ ಸೇರಿಸಬಹುದು. ನಿಯಮ ಅದಕ್ಕೆ ಅವಕಾಶ ಕೊಡುತ್ತದೆ. ಆದರೆ ನೂರು ರೂಪಾಯಿ ಕೊಟ್ಟ ಅಜ್ಜಿಗೆ ಇದು ಗೊತ್ತಿರುವುದಿಲ್ಲ. ಅವಳು ಅದು ಒಬ್ಬ ಹುಡುಗನ ಕಾಲಿಗೆ ಹೋಯ್ತು ಎಂದೇ ತಿಳಿದಿರುತ್ತಾಳೆ.

ಮಾಲತಿ (ಫಿಸಿಯೋಥೆರಪಿಸ್ಟ್)
ಈ ಚರ್ಚೆ ಓದುತ್ತಾ ಒಂದು ವಿಷಯ ಹೇಳಲೇಬೇಕು ಅನ್ನಿಸಿತು. ಕಾಲು ಕಳೆದುಕೊಂಡವರ ಜೊತೆ ನಾನು ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಕೃತಕ ಕಾಲು ಕೊಟ್ಟರೆ ಮುಗಿಯಿತು ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಮುಗಿಯುವುದಿಲ್ಲ. ಕತ್ತರಿಸಿದ ಮೇಲೆ ಉಳಿದ ಕಾಲಿನ ತುದಿ ದಿನದಲ್ಲೇ ಸಣ್ಣಗಾಗುತ್ತದೆ. ಬೆಳಿಗ್ಗೆ ಒಂದು ಕಾಲುಚೀಲ ಹಾಕಿದವರು ಸಂಜೆಗೆ ಮೂರು ಹಾಕಿಕೊಂಡಿರುತ್ತಾರೆ, ಸಾಕೆಟ್, ಅಂದರೆ ಆ ತುದಿ ಕೂರುವ ಕೃತಕ ಕಾಲಿನ ಬಟ್ಟಲು, ಸಡಿಲವಾಗಬಾರದು ಅಂತ. ವರ್ಷಗಳು ಕಳೆದಂತೆ ಸಾಕೆಟ್ಟನ್ನೇ ಬದಲಿಸಬೇಕು. ಮೈ ತೂಕ ಬದಲಾದರೆ ಮತ್ತೆ ಬದಲಿಸಬೇಕು. ಒಂದು ಕಡೆ ಚರ್ಮ ಕೆಂಪಾಗಿ ಹುಣ್ಣಾದರೆ ವಾರಗಟ್ಟಲೆ ಕಾಲು ಹಾಕುವ ಹಾಗಿಲ್ಲ. ನೌಕರಿ ಇರುವವನು ಆ ವಾರಗಳಲ್ಲಿ ಏನು ಮಾಡಬೇಕು?

ತಲೆಗೆ ಪೆಟ್ಟಾದವರದ್ದು ಇನ್ನೂ ಉದ್ದದ ದಾರಿ. ನಾನು ನೋಡುವ ಒಬ್ಬನಿಗೆ ಗಾಯವಾದಾಗ ಇಪ್ಪತ್ತೆರಡು. ಈಗ ನಲವತ್ತು ದಾಟಿದ್ದಾನೆ. ಅವನನ್ನು ಹಾಸಿಗೆಯಿಂದ ಕುರ್ಚಿಗೆ ಎತ್ತಿ ಕೂರಿಸುವವರು ಎಪ್ಪತ್ತರ ತಾಯಿ. ಎತ್ತುವ ಮೊದಲು ಅವರು ಒಂದು ಕೈಯನ್ನು ಗೋಡೆಗೆ ಊರುತ್ತಾರೆ. ಗೋಡೆಯ ಆ ಜಾಗದಲ್ಲಿ ಬಣ್ಣ ಸವೆದು ಅಂಗೈಯ ಗುರುತು ಬಿದ್ದಿದೆ. ಹೋದ ತಿಂಗಳು ನನ್ನನ್ನು ಬಾಗಿಲವರೆಗೆ ಕಳಿಸಲು ಬಂದು, ಅವನಿಗೆ ಕೇಳಿಸದ ಹಾಗೆ, "ನನ್ನ ನಂತರ ಇವನನ್ನು ಯಾರು ನೋಡ್ತಾರಮ್ಮ?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ವಸುಧಾ ಅವರೇ, ನಿಮ್ಮ ಇಬ್ಬರಲ್ಲಿ ಈ ಪ್ರಶ್ನೆಗೆ ಉತ್ತರ ಯೋಚಿಸಿರುವವರು ಯಾರು? ನನಗೆ ಅವರೇ ಮುಖ್ಯಸ್ಥರು.

ಅರುಣ
ಮಾಲತಿ ಅಕ್ಕ ಹೇಳಿದ ಪ್ರಶ್ನೆ ಆ ಅಮೆರಿಕದ ಸಂಸ್ಥೆಯಲ್ಲೂ ಬಂದಿತ್ತು. ನೋಡಿಕೊಳ್ಳುವ ತಂದೆ ತಾಯಿ ಹೋದ ಮೇಲೆ ತೀರಾ ಗಾಯಗೊಂಡವರು ಎಲ್ಲೋ ಒಂದು ವೃದ್ಧಾಶ್ರಮದ ಮೂಲೆ ಸೇರಬಾರದು ಎಂದು ದೀರ್ಘಕಾಲದ ಒಂದು ಟ್ರಸ್ಟ್ ಮಾಡಿ 6 ಕೋಟಿ ಡಾಲರಿಗೂ ಹೆಚ್ಚು ತೆಗೆದಿಟ್ಟಿತು. ಅದನ್ನು ಯೋಧರಿಗಾಗಿ ಆದ ಖರ್ಚು ಎಂದು ಬರೆಯಿತು. 2017ರಲ್ಲಿ ಸೆನೆಟರ್ ಚಾರ್ಲ್ಸ್ ಗ್ರಾಸ್ಲಿ ತಮ್ಮ ವರದಿಯಲ್ಲಿ ಅದನ್ನೇ ಪ್ರಶ್ನಿಸಿದರು. ಟ್ರಸ್ಟಿನಲ್ಲಿ ಕೂತ ಹಣ ಇನ್ನೂ ಯೋಧರ ಕೈ ಸೇರಿಲ್ಲವಲ್ಲ ಎಂದು.

ಪ್ರಕಾಶ್ (ಆಡಿಟರ್)
ಲೆಕ್ಕದ ಪ್ರಕಾರ ಆ ಪ್ರಶ್ನೆ ಸರಿಯೇ. ಎತ್ತಿಟ್ಟ ಹಣವನ್ನು ಎತ್ತಿಟ್ಟಿದ್ದು ಎಂದೇ ಹೇಳಬೇಕು. ಆದರೆ ಮಾಲತಿ ಮೇಡಂ ಬರೆದದ್ದು ಓದಿದ ಮೇಲೆ ನನ್ನ ನಿಲುವು ಸ್ವಲ್ಪ ಬದಲಾಗಿದೆ. ಶೇಕಡಾವಾರು ಮಾತ್ರ ನೋಡುವ ದಾನಿ, ಬಂದದ್ದನ್ನೆಲ್ಲ ಇದೇ ವರ್ಷ ಖರ್ಚು ಮಾಡಿ ಎನ್ನುತ್ತಾನೆ. ಆ ತಾಯಿಗೆ ಬೇಕಾಗಿರುವುದು ಇನ್ನು ಹತ್ತು ವರ್ಷಕ್ಕೆ ಇರುವ ಹಣ. ದಾನಿಗಳ ಎದುರು ನಿಂತು ಇದನ್ನು ಬಿಡಿಸಿ ಹೇಳುವವರು ಬೇಕು.

ನಿವೃತ್ತ ಸುಬೇದಾರ್
ನಾನೂ ಒಂದು ಸೇರಿಸುತ್ತೇನೆ. ಬ್ರಿಟನ್ನಿನಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ಸೇಂಟ್ ಡನ್‌ಸ್ಟನ್ಸ್ 1915ರಲ್ಲಿ ಶುರುವಾಯ್ತು. ಈಗ ಅದರ ಹೆಸರು ಬ್ಲೈಂಡ್ ವೆಟರನ್ಸ್ ಯುಕೆ. ಸ್ಥಾಪಕ ಆರ್ಥರ್ ಪಿಯರ್ಸನ್ ಸೈನಿಕನಲ್ಲ, ಪತ್ರಿಕೆಗಳ ಮಾಲೀಕ. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆಯಿಂದ ಕುರುಡಾದವರು. ಬ್ರೈಲ್, ಟೈಪಿಂಗ್, ಮಸಾಜ್, ಕೋಳಿ ಸಾಕಣೆ ಎಲ್ಲ ಕಲಿಸಿದರು. ಅವರು 1921ರಲ್ಲಿ ತೀರಿಕೊಂಡಾಗ ಆ ಜಾಗಕ್ಕೆ ಬಂದವನು ಇಯಾನ್ ಫ್ರೇಸರ್. 1916ರಲ್ಲಿ, ಮೊದಲ ಮಹಾಯುದ್ಧದ ಸೊಮ್ ಕದನದಲ್ಲಿ ಗುಂಡೇಟಿಗೆ ಎರಡೂ ಕಣ್ಣು ಹೋಗಿ, ಸೇಂಟ್ ಡನ್‌ಸ್ಟನ್ಸ್‌ನಲ್ಲೇ ತರಬೇತಿ ಪಡೆದ ಹುಡುಗ. ಅಧ್ಯಕ್ಷನಾದಾಗ ವಯಸ್ಸು 24. 1974ರವರೆಗೆ ಅವರೇ ಇದ್ದರು.

ಅರುಣ
ಐವತ್ತು ವರ್ಷಕ್ಕೂ ಜಾಸ್ತಿ ಒಬ್ಬರೇ! ಸುಬೇದಾರ್ ಸರ್, ಗೌರವದಿಂದಲೇ ಹೇಳುತ್ತೇನೆ, ಅದು ನನಗೆ ಭಯ ಹುಟ್ಟಿಸುತ್ತದೆ. ಅಷ್ಟು ದಿನ ಕೂತವರಿಗೆ ಇಲ್ಲ ಎನ್ನುವ ಧೈರ್ಯ ಯಾರಿಗಿರುತ್ತದೆ?

ನಿವೃತ್ತ ಸುಬೇದಾರ್
ಸರಿ, ಅವಧಿ ಗೊತ್ತು ಮಾಡಿ. ಐದು ವರ್ಷ, ಬೇಕಿದ್ದರೆ ಇನ್ನೊಂದು ಐದು. ಅದಕ್ಕೆ ನನ್ನ ತಕರಾರಿಲ್ಲ. ಆದರೆ ನಾನು ಫ್ರೇಸರ್ ಹೆಸರು ಎತ್ತಿದ್ದು ಬೇರೆ ಕಾರಣಕ್ಕೆ. ನೆರವು ಪಡೆಯಲು ಬಂದ ಹುಡುಗ ಆರು ವರ್ಷದೊಳಗೆ ಅದನ್ನು ನಡೆಸುವಷ್ಟು ಬೆಳೆದ. ಅವನನ್ನು ಹಾಗೆ ಬೆಳೆಸಿದವರು ಸೈನಿಕರಲ್ಲ. ಇದು ನನ್ನ ಮೊದಲ ಮಾತಿಗೆ ವಿರುದ್ಧ ಹೋಗುತ್ತದೆ, ಗೊತ್ತು. ನಿಜ ಇರುವುದೇ ಹಾಗೆ.

ವಸುಧಾ
ಎಲ್ಲರಿಗೂ ಧನ್ಯವಾದ. ಮಾಲತಿ ಅವರ ಮಾತು ಓದಿ ನಮ್ಮ ಪಟ್ಟಿ ತೆಗೆದು ನೋಡಿದೆ. ನಾವು ನೆರವು ಕೊಡುವವರ ಹೆಸರು, ಗಾಯ, ಕೊಟ್ಟ ಉಪಕರಣ ಎಲ್ಲ ಇದೆ. ಮನೆಯಲ್ಲಿ ನೋಡಿಕೊಳ್ಳುವವರು ಯಾರು, ಅವರ ವಯಸ್ಸೆಷ್ಟು ಎಂಬ ಕಾಲಂ ಇಲ್ಲವೇ ಇಲ್ಲ. ಹದಿನೈದು ವರ್ಷದಲ್ಲಿ ನಾವ್ಯಾರೂ ಅದನ್ನು ಕೇಳಿಲ್ಲ.

ಸೋಮವಾರ ಇಬ್ಬರನ್ನೂ ಕರೆದಿದ್ದೇವೆ. ಅವರ ಮುಂದೆ ಆ ಪಟ್ಟಿಯನ್ನೇ ಇಡುತ್ತೇನೆ. ಇದರಲ್ಲಿ ಏನು ಕಾಣೆಯಾಗಿದೆ ಎಂದು ಕೇಳುತ್ತೇನೆ.

ಮಾಲತಿ (ಫಿಸಿಯೋಥೆರಪಿಸ್ಟ್)
ಸೋಮವಾರದವರೆಗೆ ಕಾಯಬೇಡಿ. ಕಾಲಂ ಇವತ್ತೇ ಸೇರಿಸಿ. ಫೋನ್ ಮಾಡಿ ಕೇಳುವ ಕೆಲಸ ಇದ್ದರೆ ಸಂಜೆ ಆರರ ಮೇಲೆ ನಾನು ಬಿಡುವಾಗಿದ್ದೇನೆ.