-ಗೆ, -ಕ್ಕೆ ನೋಡಿ ತುರ್ಕಿಯನ್ನು ನೆಂಟ ಅನ್ನಬಹುದೇ?

ಮಂಡಗದ್ದೆ ಹಕ್ಕಿ: ಶಿವಮೊಗ್ಗದ ಬಸ್‌ಸ್ಟ್ಯಾಂಡಲ್ಲಿ ‘ತೀರ್ಥಹಳ್ಳಿಗೆ’, ‘ಸಾಗರಕ್ಕೆ’ ಎರಡೂ ಕಿವಿಗೆ ಬೀಳುತ್ತೆ. ಹಳೆಯ ತುರ್ಕಿಯಲ್ಲೂ ಚತುರ್ಥಿ ವಿಭಕ್ತಿಗೆ -ಕ, -ಕೆ ಇತ್ತು. ಪದದ ಕೊನೆಗೆ ಪ್ರತ್ಯಯ ಸಾಲಾಗಿ ಅಂಟಿಸೋದೂ ಎರಡರಲ್ಲೂ ಉಂಟು. ಒಂದೇ ಕುಟುಂಬ ಅನ್ನಬಹುದಾ? ಪರೀಕ್ಷೆ ಮಾಡೋದು ಹೇಗೆ?

ಹಳೆಗನ್ನಡದ ಗೀಳು: ಅಷ್ಟಕ್ಕೇ ಅನ್ನೋಕಾಗಲ್ಲ ಮಾರಾಯ್ರೆ. ಅಂಟಿಸೋ ಗುಣ ಜಪಾನಿ, ಬಾಸ್ಕ್, ಕೆಚುವಾದಲ್ಲೂ ಇದೆ, ಅದನ್ನು ಲೆಕ್ಕದಿಂದ ತೆಗೆದುಬಿಡಿ. -ಗೆ, -ಕ್ಕೆ ಎರಡಲ್ಲ, ಒಂದೇ ಪ್ರತ್ಯಯ: ಅಕಾರಾಂತ ನಪುಂಸಕಕ್ಕೆ -ಕ್ಕೆ (ಸೊರಬಕ್ಕೆ, ತೋಟಕ್ಕೆ), ಇ, ಎ ಕೊನೆಯಾದರೆ -ಗೆ (ಹಳ್ಳಿಗೆ, ಮನೆಗೆ). ಮೊದಲು ಇದನ್ನು ತಮಿಳಿನ -ಕ್ಕು, ತೆಲುಗಿನ -ಕು/-ಕಿ ಪಕ್ಕ ಇಟ್ಟು ಮೂಲದ್ರಾವಿಡ (ಈ ಎಲ್ಲ ಭಾಷೆಗಳ ತಾಯಿಭಾಷೆ) ರೂಪ ಕಟ್ಟಿಕೊಳ್ಳಿ, ಹೊರಗಿನ ಭಾಷೆಗೆ ಕೈಹಾಕೋದು ಆಮೇಲೆ. ಆಗಲೂ ಕೈಗೆ ಸಿಗೋದು ಒಂದು ಕಕಾರ, ಒಂದು ಸ್ವರ. ಇಷ್ಟು ಚಿಕ್ಕದು ಎಲ್ಲಿ ಬೇಕಾದರೂ ಆಕಸ್ಮಿಕವಾಗಿ ಹೊಂದುತ್ತೆ. ಹಿಂದಿಯ ‘ಕೋ’ ಕೂಡ ಹಾಗೇ ಕೇಳಿಸುತ್ತೆ, ಆದರೆ ಅದು ಸಂಸ್ಕೃತದ ‘ಕಕ್ಷ’ ಸವೆದು ಬಂದದ್ದು ಅನ್ನೋದು ರೂಢಿಯ ವಿವರಣೆ.

ಸಾಗರದ ಕಡೆಯವ: ಇನ್ನೊಂದು ಎಡವಟ್ಟು, ತಪ್ಪು ಜಾಗದಲ್ಲಿ ಪದ ಕತ್ತರಿಸೋದು. ಭಾಷಾವಿಜ್ಞಾನಿ ಡೇವಿಡ್ ಮೆಕ್‌ಆಲ್ಪಿನ್ 1981ರಲ್ಲಿ ಎಲಾಮೊ-ದ್ರಾವಿಡ ವಾದವನ್ನು, ಅಂದ್ರೆ ಇರಾನಿನ ಪ್ರಾಚೀನ ಎಲಾಮ್ ಭಾಷೆ ದ್ರಾವಿಡಕ್ಕೆ ನೆಂಟ ಅನ್ನೋದನ್ನು, ವಿಸ್ತಾರವಾಗಿ ಮಂಡಿಸಿದರು, ಹೆಚ್ಚಿನವರು ಒಪ್ಪಿಲ್ಲ. ಎಲಾಮಿನ ಷಷ್ಠಿ -ನ ಕಂಡ ಕೂಡಲೇ ‘ರಾಮನ’ ಅಂತ ಹಿಗ್ಗಬೇಡಿ. ರಾಮನ್+ಅ, ಮರದ್+ಅ, ಮನೆ+ಯ್+ಅ. ಪ್ರತ್ಯಯ ಬರೀ ಅಕಾರ, ನಕಾರ ಅದರದ್ದಲ್ಲ.

ಹಳೆಗನ್ನಡದ ಗೀಳು: ಸರಿಯಾಗಿ ಹೇಳಿದ್ರಿ. ತೂಕ ಇರೋದು ವಕ್ರತೆ (ನಿಯಮ ಮೀರಿದ ರೂಪ) ವಕ್ರತೆಗೆ ಹೊಂದಿದಾಗ. ಬರು–ಬಂದ, ತರು–ತಂದ, ತಮಿಳಲ್ಲೂ ವರು–ವಂದಾನ್, ತರು–ತಂದಾನ್. ‘ಹೊರು’ ‘ಹೊತ್ತ’ ಆಗುವಾಗ ಈ ಎರಡೇ ಹೀಗೇಕೆ? ಇಂಥ ಸೊಟ್ಟವನ್ನು ಎರವಲು ತರೋದು ತೀರಾ ಅಪರೂಪ. ಸಂಸ್ಕೃತದ ಅಸ್ತಿ–ಸಂತಿ (ಇದ್ದಾನೆ–ಇದ್ದಾರೆ), ಅದೇ ಅರ್ಥದ ಲ್ಯಾಟಿನ್ನಿನ ಎಸ್ಟ್–ಸುಂಟ್ ಕೂಡ ಇದೇ ಜಾತಿಯ ಸಾಕ್ಷ್ಯ. ತುರ್ಕಿ ಜೊತೆ ಇಂಥದ್ದೊಂದು ಜೋಡಿ ತೋರಿಸಿ, ಕೂತು ನೋಡೋಣ.

ಮಂಡಗದ್ದೆ ಹಕ್ಕಿ: ಬಹುವಚನದಲ್ಲಿ ನಮ್ಮ ‘-ಗಳು’, ತುರ್ಕಿಯ ‘-ಲರ್’?

ಸಾಗರದ ಕಡೆಯವ: ಹಳೆಗನ್ನಡ -ಗಳ್, ತಮಿಳು -ಕಳ್. ಮರಗಳಿಗೆ ಅದು ಸರಿ, ಅರಸರಿಗೆ -ಅರ್ ಬೇರೆಯೇ ಇದೆ. ‘ಲರ್’ ಜೊತೆ ಹೊಂದಿಸೋಕೆ ಒಬ್ಬರು ಗಕಾರ ಬಿಡ್ತಾರೆ, ಇನ್ನೊಬ್ಬರು -ಅರ್ ಎಳೆದು ತಂದು ಸೇರಿಸ್ತಾರೆ. ಆ ಗಕಾರ ಎಲ್ಲಿ ಹೋಯ್ತು ಅಂತ ಮೊದಲು ಹೇಳಲಿ.