ಸೋಶಿಯಲ್ ವಲ್ನರಬಿಲಿಟಿ ಮ್ಯಾಪಿಗಿ ನದಿಯಿಂದ ದೂರ ಅಳದ್ರ ಸಾಕೇನ್ರಿ?

ಭೀಮಾದಂಡಿ:
ನಮಸ್ಕಾರ್ರಿ. ಕಲಬುರಗಿದಾಗ ಎಂಎ ಜಾಗ್ರಫಿ ಫೈನಲ್ ಇಯರ್ ನಾ. ಡೆಸರ್ಟೇಶನ್ ಅಫಜಲಪುರ ತಾಲೂಕಿನ ಭೀಮಾ ದಂಡಿ ಊರುಗಳ ಮ್ಯಾಲ, 2020ರ ಅಕ್ಟೋಬರ್‌ದಾಗ ಹೊಳಿ ಬಂದಿತ್ತಲ್ಲ ಅದು. ಕ್ಯೂಜಿಐಎಸ್ ಅನ್ನೋ ನಕ್ಷೆ ಸಾಫ್ಟ್‌ವೇರ್‌ನಾಗ ನದಿಗಿ ಬಫರ್ ಹಾಕಿ, ಅಂದ್ರ ದಂಡಿಯಿಂದ ಇಷ್ಟು ದೂರ ಅಂತ ಪಟ್ಟಿ ಎಳದು, ಒಳಗ ಬರೋ ಊರಿಗಿ ಕೆಂಪು ಬಣ್ಣ ಹಚ್ಚಿ, ಸೆನ್ಸಸ್‌ದಾಗಿಂದ ಸಾಕ್ಷರತೆ, ಎಸ್‌ಸಿ ಎಸ್‌ಟಿ, ಕೂಲಿಕಾರರ ಪರ್ಸೆಂಟ್ ಕೂಡ್ಸಿ ಸೋಶಿಯಲ್ ವಲ್ನರಬಿಲಿಟಿ ಇಂಡೆಕ್ಸ್, ಅಂದ್ರ ಯಾವ ಮಂದಿಗಿ ಹೊಡ್ತ ಹೆಚ್ಚು ಬೀಳ್ತದ ಅನ್ನೋ ಲೆಕ್ಕ, ತಗದೀನಿ. ಗೈಡ್ ಸರ್ ನೋಡಿ, ಇದರಾಗ ಸ್ಪೇಸ್ ಅಂದ್ರ ಏನಂತ ತಿಳ್ಕೊಂಡಿ, ಥಿಯರಿ ಚಾಪ್ಟರ್‌ದಾಗ ಬರಿ ಅಂದ್ರು. ಲ್ಯಾಟಿಟ್ಯೂಡ್ ಲಾಂಗಿಟ್ಯೂಡ್ ಕೊಟ್ಟ ಮ್ಯಾಲ ಮತ್ತೇನ್ ಉಳೀತದ್ರಿ?

ತೊಗರಿಹೊಲ:
ಭಾಳ ಉಳೀತದ ತಮ್ಮಾ. ಜಾಗ್ರಫಿ ಪಂಡಿತ ಡೇವಿಡ್ ಹಾರ್ವೆ 1973ರಾಗ ಸ್ಪೇಸನ್ನ ಮೂರು ಬಗಿ ನೋಡ್ಬಹುದು ಅಂದ, ಅಬ್ಸಲ್ಯೂಟ್, ರಿಲೇಟಿವ್, ರಿಲೇಷನಲ್. ನೀ ಹಾಕಿದ ಬಫರ್ ಮೊದಲನೇದು, ಊರು ಇಲ್ಲಿ ಅದ, ಹೊಳಿ ಅಲ್ಲಿ ಅದ ಅಂತ, ಅದೂ ಬೇಕು. ಎರಡನೇದ್ರಾಗ ದೂರ ಅನ್ನೋದು ಮಂದಿ ನೋಡಿ ಬದಲಾಗ್ತದ, ಟ್ರ್ಯಾಕ್ಟರ್ ಇದ್ದ ಗೌಡರಿಗಿ ಎರಡು ಕಿಲೋಮೀಟರ್ ಅಂದ್ರ ಏನೂ ಅಲ್ಲ, ಒಬ್ಬಾಕಿನೇ ಇರೋ ಮುದುಕಿಗಿ ರಾತ್ರಿ ಮಳಿಯಾಗ ಅದೇ ಎರಡು ಕಿಲೋಮೀಟರ್ ದಾಟಕ್ಕ ಆಗಲ್ಲ.

ಮೂರನೇದೇ ನಿನ್ನ ಟಾಪಿಕ್ಕಿಗಿ ಜೀವ, ಒಂದು ಜಾಗಾ ಬ್ಯಾರೆ ಜಾಗಾಗಳ ಸಂಬಂಧದಿಂದಲೇ ಆಗ್ತದ ಅನ್ನೋದು. ಭೀಮಾಕ್ಕ ಕಟ್ಟಿದ ಉಜನಿ ಡ್ಯಾಮ್ ಇರೋದು ಮಹಾರಾಷ್ಟ್ರದ ಸೋಲಾಪುರ ಜಿಲ್ಲಾದಾಗ, ಗೇಟ್ ಎತ್ತೋದು ಅಲ್ಲಿ, ಮನಿ ಬೀಳೋದು ಇಲ್ಲಿ. ಮತ್ತ ಅದೇ ಮನಿ ಮಕ್ಕಳು ಪುಣೆಕ್ಕೋ ಬೆಂಗಳೂರಿಗೋ ಗುಳೆ ಹೋಗ್ಯಾರ, ಅವರು ಕಳಿಸೋ ರೊಕ್ಕದ ಮ್ಯಾಲೇ ಮತ್ತ ಗ್ವಾಡಿ ಎದ್ದು ನಿಲ್ಲಬೇಕು, ಅಂದ್ರ ಆ ಮನಿ ಸಂಕಟ ಆ ಊರಿನ ಗಡಿಯೊಳಗ ಮುಗಿಯಂಗಿಲ್ಲ. ಇನ್ನೊಬ್ಬಾಕಿ ಜಾಗ್ರಫಿ ಪಂಡಿತೆ ಡೋರೀನ್ ಮ್ಯಾಸಿ ಹೇಳಿದ್ದು ಇದೇ, ಜಾಗಾ ಅನ್ನೋದು ಹೊರಗಿನ ಸಂಬಂಧದಿಂದಲೇ ಆಗ್ತದ, ಆದ್ರ ಆ ಸಂಬಂಧದಾಗ ಎಲ್ಲರ ಕೈಯಾಗೂ ಅಧಿಕಾರ ಒಂದೇ ನಮೂನಿ ಇರಲ್ಲ. ಗೇಟ್ ಎತ್ತೋರಿಗಿ ಒಂದು, ನೀರಾಗ ನಿಂತೋರಿಗಿ ಒಂದು.

ಯಾದಗಿರಿ ಮಗಳು:
ಅಣ್ಣಾರು ಹೇಳಿದ್ದು ಖರೆ, ಆದ್ರ ಇಂಡೆಕ್ಸ್ ಬಿಡಬ್ಯಾಡ್ರಿ. ಅಮೆರಿಕದ ಜಾಗ್ರಫಿ ಪಂಡಿತೆ ಸೂಸನ್ ಕಟರ್ ಮತ್ತ ಅವರ ಜೋಡಿಯವ್ರು 2003ರಾಗ ಮಾಡಿದ ಇಂಥದೇ ಇಂಡೆಕ್ಸ್ ನೋಡ್ರಿ, ಅಲ್ಲಿನ ಕೌಂಟಿಗಳ (ಜಿಲ್ಲಾ ಇದ್ದಂಗ) 1990ರ ಮಾಹಿತಿ, 42 ವೇರಿಯಬಲ್ ಇಳಿಸಿ 11 ಫ್ಯಾಕ್ಟರ್ ಮಾಡಿದ್ರು. ಸರ್ಕಾರಕ್ಕ ಇಂಥ ಲೆಕ್ಕ ಬೇಕೇ ಬೇಕು. ಪ್ರಾದೇಶಿಕ ಅಸಮತೋಲನ ನೋಡಾಕ ಮಾಡಿದ ನಂಜುಂಡಪ್ಪ ಸಮಿತಿ 2002ರಾಗ ಅತ್ಯಂತ ಹಿಂದುಳಿದ 39 ತಾಲೂಕು ಗುರುತಿಸ್ತು, ಅದರಾಗ 21 ನಮ್ಮ ಕಲಬುರಗಿ ವಿಭಾಗದವೇ, ಆ ಲೆಕ್ಕ ಇಲ್ದಿದ್ರ ನಮ್ಮ ಭಾಗದ ಮಾತು ಬೆಂಗಳೂರಾಗ ಯಾರ್ ಕೇಳ್ತಿದ್ರು?

ತೊಡಕು ಎಲ್ಲಿ ಅದ ಅಂದ್ರ ಡಬ್ಬಿ, ಅಂದ್ರ ಲೆಕ್ಕ ಹಾಕೋ ಪ್ರದೇಶ, ಎಷ್ಟು ದೊಡ್ಡದು ಅನ್ನೋದ್ರಾಗ. ತಾಲೂಕು ಸರಾಸರಿ ತಗದ್ರ ಊರು ಕಾಣಲ್ಲ, ಊರಿನ ಸರಾಸರಿ ತಗದ್ರ ಕೇರಿ ಕಾಣಲ್ಲ, ತಾಂಡಾ ಅಂತೂ ಎಷ್ಟೋ ಕಡಿ ಮೂಲ ಊರಿನ ಲೆಕ್ಕದಾಗೇ ಮುಳುಗಿ ಹೋಗ್ತದ. ಗೆರಿ ಬ್ಯಾರೆ ಕಡಿ ಎಳದ್ರ ಬಣ್ಣನೇ ಬದಲಾಗ್ತದ. ಜಾಗಾದ ಕಾಗದನೂ ನೋಡ್ರಿ. 2023ರ ಜನವರಿದಾಗ ಮಳಖೇಡದಾಗ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗಿ ಹಕ್ಕುಪತ್ರ ಕೊಟ್ರು, ಅಲ್ಲಿ ತನಕ ತಲಿಮಾರು ಬಾಳಿದ ಜಾಗಾ ಅವರ ಹೆಸರಿಗಿ ಇರಲಿಲ್ಲ. ಕಾಗದ ಇಲ್ದೋರು ಬಿದ್ದ ಮನಿಗಿ ಪರಿಹಾರ ಕೇಳಾಕ ಹೋದ್ರ ಏನ್ ತೋರಸ್ಬೇಕ್ರಿ? ಇದು ಸ್ಯಾಟಲೈಟ್ ಫೋಟೋದಾಗ ಬರಲ್ಲ.

ಭೀಮಾದಂಡಿ:
ಅಕ್ಕಾರ, ಹಂಗಾದ್ರ ಫೀಲ್ಡಿಗಿ ಹೋಗಿ ಏನ್ ಕೇಳ್ಲಿ? ಪ್ರಶ್ನಾವಳಿದಾಗ ಆದಾಯ, ಮನಿ ನಮೂನಿ ಅಷ್ಟೇ ಅದ.

ಯಾದಗಿರಿ ಮಗಳು:
ತಗ್ಗಿನ ಜಾಗಾಕ್ಕ ಯಾರು ಮನಿ ಕಟ್ಯಾರ, ಯಾಕ ಅಲ್ಲೇ ಕಟ್ಯಾರ, ಎತ್ತರದ ಜಾಗಾ ಯಾರದು, ಇದನ್ನ ಮೊದಲ ಕೇಳ್ರಿ. ಫ್ರಾನ್ಸಿನ ಚಿಂತಕ ಲೆಫೆವ್ರ್ 1974ರಾಗ ಸ್ಪೇಸ್ ತಾನೇ ಇರೋದಲ್ಲ, ಸಮಾಜ ಅದನ್ನ ಉತ್ಪಾದನೆ ಮಾಡ್ತದ ಅಂದಿದ್ದು ನಿಮಗ ಅಲ್ಲೇ ತಿಳೀತದ. ನೀರು ಯಾವ ದಾರಿಲೆ ಬಂತು, ಯಾವ ಗುಡಿಗಿ ಯಾವ ಸಾಲಿಗಿ ಓಡಿದ್ರು, ಅಲ್ಲಿ ಎಲ್ಲರಿಗೂ ಒಳಗ ಬಿಟ್ರೋ ಇಲ್ಲೋ, ಮಂದಿ ಕೈಲೇ ನಕ್ಷೆ ಬರಸ್ರಿ. ಹೆಣ್ಮಕ್ಕಳನ್ನ ಬ್ಯಾರೆ ಕೂಡ್ಸಿ ಕೇಳ್ರಿ, ಗಂಡಸರ ಮುಂದ ಮಾತಾಡಲ್ಲ.

ತೊಗರಿಹೊಲ:
ಯುಗಾದಿಗಿ ಹೋಗು ತಮ್ಮಾ, ಗುಳೆ ಹೋದವ್ರು ಹಬ್ಬಕ್ಕ ಊರಿಗಿ ಬಂದಿರ್ತಾರ. ಬ್ಯಾರೆ ಟೈಮಿಗಿ ಹೋದ್ರ ಎಷ್ಟೋ ಮನಿಗಿ ಕೀಲಿ ಇರ್ತದ, ಆ ಮನಿಗಳೇ ನಿನ್ನ ಸ್ಯಾಂಪಲ್ಲಿಂದ ಬಿಟ್ಟು ಹೋಗ್ತಾವ.